ಭೂಪಾಲಣ್ಣನ ಮೂರು ದಮ್ಮು

1991ರ ಆಗಸ್ಟ್ ತಿಂಗಳ ಒಂದು ಮಂಗಳವಾರ ಮಧ್ಯಾಹ್ನ ನಿಪ್ಪಾಣಿ ಪೇಟೆಯ ವ್ಯಾಪಾರಸ್ಥರು ಸಭೆ ಸೇರಿದ್ದರು. ಪೇಟೆಯ ಹೋಟೆಲು, ಅಂಗಡಿಗಳ ಒಳಗೆ ಮತ್ತು ಬಸ್ಸಿಗೆ ಕಾಯುವ ಜಾಗದಲ್ಲಿ ಇನ್ನು ಮುಂದೆ ಯಾರೂ ಬೀಡಿ ಸಿಗರೇಟು ಸೇದಬಾರದು ಎಂಬ ಸೂಚನೆಯನ್ನು ಆ ಸಭೆಯಲ್ಲಿ ಭೂಪಾಲಣ್ಣ ಮಂಡಿಸಿದರು. ಸೂಚನೆಯ ಕಾಗದ ಹಿಡಿದಿದ್ದ ಅವರ ಬಲಗೈ ಹೆಬ್ಬೆರಳು, ತೋರುಬೆರಳು ಅರಿಷಿಣ ಮೆತ್ತಿದಂತೆ ಹಳದಿಯಾಗಿದ್ದವು. ಇಪ್ಪತ್ತೈದು ವರ್ಷಕ್ಕೂ ಮೇಲೆ ಬೀಡಿ ತಂಬಾಕು ಹಿಡಿದ ಬೆರಳುಗಳು ಅವು.

ನಾನು ಆಗ ಬೆಳಗಾವಿಯ ಒಂದು ದಿನಪತ್ರಿಕೆಗೆ ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಕಡೆಯ ಸುದ್ದಿ ಕಳಿಸುತ್ತಿದ್ದೆ. ಭೂಪಾಲಣ್ಣ ನನ್ನನ್ನು ಹೆಸರು ಹಿಡಿದು ಕರೆದದ್ದಿಲ್ಲ. ಮರಾಠಿಯಲ್ಲಿ ಸುದ್ದಿಗಾರನಿಗೆ ಅನ್ನುವಂತೆ 'ಬಾತಮೀದಾರ್ರ' ಅನ್ನುತ್ತಿದ್ದರು. ತಂಬಾಕಿನ ಧಾರಣೆ ಕೇಳಲು ನಾನು ವಾರಕ್ಕೊಮ್ಮೆ ಅವರು ಕೆಲಸ ಮಾಡುತ್ತಿದ್ದ ವಖಾರಿಗೆ, ಅಂದರೆ ತಂಬಾಕಿನ ಚೀಲ ಒಟ್ಟುವ ಗೋದಾಮಿಗೆ, ಹೋಗುತ್ತಿದ್ದೆ. ಪರಿಚಯ ಬೆಳೆದದ್ದು ಅಲ್ಲಿ.

ಅವರ ಕೆಲಸಕ್ಕೆ ಊರಲ್ಲಿ 'ಮಾಲು ನೋಡುವುದು' ಎಂದು ಹೆಸರು. ರೈತ ತಂದ ಚೀಲದ ಹೊಟ್ಟೆಗೆ ಕೈ ಹಾಕಿ ಒಂದು ಚಿಟಿಕೆ ತೆಗೆಯುತ್ತಿದ್ದರು. ಅಂಗೈಯಲ್ಲಿ ತಿಕ್ಕಿ ಮೂಸುತ್ತಿದ್ದರು. ಬೀಡಿ ಎಲೆಯಲ್ಲಿ ಸುತ್ತಿ, ಕಡ್ಡಿ ಗೀರಿ, ಕಣ್ಣು ಮುಚ್ಚಿ ಮೂರು ದಮ್ಮು ಎಳೆಯುತ್ತಿದ್ದರು. ಆಮೇಲೆ ಬೂದಿಯ ಬಣ್ಣ ನೋಡಿ, ಉಳಿದ ಬೀಡಿಯನ್ನು ನೀರಿನ ಡಬ್ಬಿಯಲ್ಲಿ ಅದ್ದಿ ಬಿಸಾಡುತ್ತಿದ್ದರು. ಅಷ್ಟರಲ್ಲಿ ಅದು ಯಾವ ಹೊಲದ ಮಾಲು, ಮಳೆಗೆ ನೆನೆದಿತ್ತೋ ಇಲ್ಲವೋ, ಹೋದ ವರ್ಷದ್ದನ್ನು ಬೆರೆಸಿದ್ದಾರೋ ಎಲ್ಲ ಹೇಳುತ್ತಿದ್ದರು. ಸುಗ್ಗಿಯ ದಿನಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಇದೇ ನಡೆಯುತ್ತಿತ್ತು. ರೈತರು ಅವರೊಡನೆ ವಾದಿಸಿದ್ದನ್ನು ನಾನು ಕಂಡಿಲ್ಲ.

ಇಷ್ಟಾಗಿಯೂ ಭೂಪಾಲಣ್ಣ ಬೀಡಿ ಸೇದುವವರಲ್ಲ. ಹೀಗೆ ಹೇಳುತ್ತಿದ್ದವರು ಅವರೊಬ್ಬರೇ ಅಲ್ಲ, ಇಡೀ ಪೇಟೆ ಹಾಗೇ ಹೇಳುತ್ತಿತ್ತು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ತಂದೆ ಕೆಮ್ಮಿ ಕೆಮ್ಮಿ ತೀರಿಕೊಂಡ ವರ್ಷ, ಊರಿಗೆ ಚಾತುರ್ಮಾಸಕ್ಕೆ ಬಂದಿದ್ದ ಜೈನ ಮುನಿಗಳ ಮುಂದೆ ಕಿಸೆಯ ಬೀಡಿ ಕಟ್ಟು ಇಟ್ಟು, ಇನ್ನು ಸೇದುವುದಿಲ್ಲ ಎಂದು ವ್ರತ ತೆಗೆದುಕೊಂಡಿದ್ದರು. ವಖಾರಿಯ ಕೆಲಸ ಸಿಕ್ಕಿದ್ದು ಅದಾದ ಎರಡು ವರ್ಷಕ್ಕೆ. ವ್ರತ ಮುರಿಯುತ್ತದೇನೋ ಎಂದು ಅವರು ಅನುಮಾನಿಸಿದಾಗ, ಅದು ಸೇದುವುದಲ್ಲ, ಮಾಲು ನೋಡುವುದು ಎಂದು ವಖಾರಿಯ ಹಿರಿಯ ಸಾವಕಾರ ಸಮಾಧಾನ ಹೇಳಿದ್ದರಂತೆ. ಆ ಮಾತನ್ನು ಭೂಪಾಲಣ್ಣ ಮತ್ತೆ ಪರೀಕ್ಷಿಸಲಿಲ್ಲ. ತಾವೇ ಅದಕ್ಕೊಂದು ಕಟ್ಟುನಿಟ್ಟು ಮಾಡಿಕೊಂಡರು.

"ಮೂರ ದಮ್ಮು ಮಾಲಿಂದ್ರಿ," ಎಂದು ಒಮ್ಮೆ ನನಗೆ ವಿವರಿಸಿದರು. "ನಾಕನೇದ್ದು ಎಳದ್ರ ಅದು ನಂದ ಆಗತೈತಿ. ನಾ ಇನ್ನೂತನಾ ನಾಕನೇದ್ದು ಎಳದಿಲ್ಲ."

ಎಳೆದಿರಲಿಲ್ಲ. ಅದಕ್ಕೆ ನಾನು ಸಾಕ್ಷಿ. ಎಷ್ಟು ಒಳ್ಳೆಯ ಮಾಲಿದ್ದರೂ ಮೂರಕ್ಕೆ ಕೈ ನೀರಿನ ಡಬ್ಬಿಗೆ ಹೋಗುತ್ತಿತ್ತು.

ಹೊರಗೆ ಯಾರಾದರೂ ಸೇದಿದರೆ ಭೂಪಾಲಣ್ಣನಿಗೆ ಸಹಿಸಲಾಗುತ್ತಿರಲಿಲ್ಲ. ಒಮ್ಮೆ ಇಬ್ಬರೂ ಖಾಸಗಿ ಟೆಂಪೋದಲ್ಲಿ ಚಿಕ್ಕೋಡಿಯಿಂದ ಬರುತ್ತಿದ್ದೆವು. ಡ್ರೈವರ್ ಸಿಗರೇಟು ಹಚ್ಚಿದ. ಹಿಂದೆ ಒಬ್ಬ ಬಾಣಂತಿ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಆರಿಸು ಎಂದು ಭೂಪಾಲಣ್ಣ ಎರಡು ಸಲ ಹೇಳಿದರು. ಡ್ರೈವರ್ ಕನ್ನಡಿಯಲ್ಲಿ ಅವರ ಬೆರಳು ನೋಡಿ, "ಕಾಕಾ, ನಿಮ್ಮ ಬೆರಳ ಏನ ಹೇಳತಾವ ನೋಡ್ರಿ ಮೊದಲ," ಎಂದ. ಗಾಡಿಯಲ್ಲಿದ್ದವರೆಲ್ಲ ನಕ್ಕರು. ಭೂಪಾಲಣ್ಣ ಗಾಡಿ ನಿಲ್ಲಿಸಲು ಹೇಳಿ ಇಳಿದರು. ನಾನೂ ಇಳಿಯಬೇಕಾಯಿತು. ಬಿಸಿಲಲ್ಲಿ ಅವರು ಬಿರುಸಾಗಿ ನಡೆದರು. ಕೊನೆಗೆ, "ಅಂವಗ ಏನ ಗೊತ್ತರಿ, ದುಡಿಯೂ ಕೈ ಇದು," ಎಂದಷ್ಟೇ ಅಂದರು.

ಸಭೆಯ ದಿನ ಅವರ ಸೂಚನೆಗೆ ಮೊದಲು ಎದ್ದು ವಿರೋಧಿಸಿದವರು ಮೂಲೆ ಹೋಟೆಲಿನ ಶಂಕರರಾವ್. ಚಹಾದ ಮೇಲೆ ಬೀಡಿ ಇಲ್ಲದಿದ್ದರೆ ಗಿರಾಕಿ ಕೂರುವುದಿಲ್ಲ, ಗಿರಾಕಿ ಕೂರದಿದ್ದರೆ ಎರಡನೇ ಚಹಾ ಇಲ್ಲ ಎಂಬುದು ಅವರ ವಾದ. ತಂಬಾಕಿನ ಮೇಲೆ ನಿಂತ ಊರು ತಂಬಾಕಿಗೆ ಬಾಗಿಲು ಹಾಕುವುದೇ ಎಂದೂ ಕೇಳಿದರು. ಬಾಗಿಲ ಹತ್ತಿರ ನಿಂತಿದ್ದ ಬೀಡಿ ಸುತ್ತುವ ಹಾಲವ್ವ, ಇವತ್ತು ಹೋಟೆಲಿನಲ್ಲಿ ಬೇಡ ಅಂದವರು ನಾಳೆ ಊರಲ್ಲೇ ಬೇಡ ಅಂದರೆ ತಮ್ಮ ಗತಿಯೇನು ಎಂದಳು.

"ಸುತ್ತಬ್ಯಾಡ ಅಂದಿಲ್ಲ ತಂಗಿ," ಎಂದರು ಭೂಪಾಲಣ್ಣ. "ಸೇದಾಂವ ಸೇದಲಿ, ಅಂವನ ಎದಿ ಅಂವಂದು. ಮಗ್ಗಲದಾಗ ಕುಂತಾಂವ ಏನ ತಪ್ಪ ಮಾಡ್ಯಾನ? ನಮ್ಮಪ್ಪ ಸೇದತಿದ್ದ. ಒಂದ ಖೋಲಿ ಮನಿ ಇತ್ತು. ನಮ್ಮವ್ವನೂ ಕೆಮ್ಮಿ ಹ್ವಾದ್ಳು. ಆಕಿ ಜಲಮದಾಗ ಒಂದ ಬೀಡಿ ಮುಟ್ಟಿದಾಕಿ ಅಲ್ಲ."

ಮುಂದಿನ ಸಾಲಿನಲ್ಲಿ ಒಬ್ಬಿಬ್ಬರು ಕೈಯಲ್ಲಿದ್ದ ಬೀಡಿ ಆರಿಸಿದರು. ಆಗಲೇ ಮತಕ್ಕೆ ಹಾಕಿದ್ದರೆ ಸೂಚನೆ ಗೆಲ್ಲುತ್ತಿತ್ತೋ ಏನೋ. ಆದರೆ ಭೂಪಾಲಣ್ಣ ಪ್ರಾಮಾಣಿಕರು, ಕಾಗದದ ಕೊನೆಯ ಸಾಲನ್ನೂ ಓದಿದರು. ವ್ಯಾಪಾರಕ್ಕಾಗಿ ಮಾಲು ನೋಡುವುದಕ್ಕೆ ಈ ನಿಯಮ ಅನ್ವಯಿಸುವುದಿಲ್ಲ ಎಂದು ಅದರಲ್ಲಿತ್ತು. ಶಂಕರರಾವ್ ಕೂತಲ್ಲಿಂದಲೇ, "ಹಂಗಾರ ಆತಲ್ರಿ, ನಾಳಿಂದ ನನ್ನ ಹೋಟೆಲದಾಗೂ ಎಲ್ಲಾರೂ ಮಾಲ ನೋಡತಾರ," ಎಂದರು. ನಗು ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಅಧ್ಯಕ್ಷರು ಚಹಾ ತರಿಸಿದರು. ಚಹಾದ ಜೊತೆಗೆ ಬೀಡಿಗಳೂ ಹೊತ್ತಿಕೊಂಡವು. ಸೂಚನೆ ಮತಕ್ಕೆ ಬರಲಿಲ್ಲ. ನಾನು ಎಂಟು ಸಾಲಿನ ವರದಿ ಕಳಿಸಿದೆ. ಪತ್ರಿಕೆ ಐದು ಸಾಲು ಹಾಕಿತು. ಸೂಚನೆಯ ಕೊನೆಯ ಸಾಲಿನ ವಿಷಯ ಅದರಲ್ಲಿರಲಿಲ್ಲ.

1994ರ ಸುಗ್ಗಿಯ ಹೊತ್ತಿಗೆ ಅವರ ದನಿ ಒಡೆಯಿತು. ಅನ್ನ ನುಂಗುವಾಗ ನೀರು ಬೇಕಾಗತೊಡಗಿತು. ಅವರ ಹೆಂಡತಿ ಸುಮತಿಬಾಯಿ ಒತ್ತಾಯ ಮಾಡಿದ್ದರಿಂದ ಅವರನ್ನು ಊರಿನ ಒಬ್ಬ ಡಾಕ್ಟರ ಬಳಿ ನಾನೇ ಕರೆದುಕೊಂಡು ಹೋದೆ. ಬೇರೆ ಕಡೆಯಿಂದ ಹೊಸದಾಗಿ ಬಂದ ಹುಡುಗ ವಯಸ್ಸಿನ ಡಾಕ್ಟರು. ಬೀಡಿ ಸಿಗರೇಟು ಸೇದುತ್ತೀರೇನು ಎಂದು ಕೇಳಿದರು.

"ಇಲ್ರಿ," ಎಂದರು ಭೂಪಾಲಣ್ಣ. "ನನಗ ವ್ರತ ಐತಿ."

ಅವರು ಸುಳ್ಳು ಹೇಳುತ್ತಿರಲಿಲ್ಲ. ವಖಾರಿಯ ದಮ್ಮುಗಳ ವಿಷಯ ನನಗೆ ಗೊತ್ತಿತ್ತು, ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ. ಕೇಳಿದ್ದು ಅವರನ್ನು, ನನ್ನನ್ನಲ್ಲ ಎಂದು ಸುಮ್ಮನಿದ್ದೆ. ಡಾಕ್ಟರು ಬೆರಳುಗಳನ್ನು ನೋಡಲಿಲ್ಲ, ಗಂಟಲಿಗೆ ಔಷಧ ಬರೆದು, ಉಪ್ಪುನೀರು ಮುಕ್ಕಳಿಸಲು ಹೇಳಿದರು. ಹೀಗೇ ಐದು ತಿಂಗಳು ಹೋದವು. ವಖಾರಿಯ ಕೆಲಸವೂ ನಡೆದೇ ಇತ್ತು.

ಆರನೆಯ ತಿಂಗಳು ಮಿರಜಿನ ದೊಡ್ಡ ಆಸ್ಪತ್ರೆಗೆ ಹೋದೆವು. ಅಲ್ಲಿನ ಹಿರಿಯ ಡಾಕ್ಟರು ಗಂಟಲು ನೋಡುವ ಮೊದಲು ಕೈ ನೋಡಿದರು. ಮರಾಠಿಯಲ್ಲಿ, ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ಆವರೆಗೆ ಯಾರೂ ಕೇಳದ ಪ್ರಶ್ನೆ ಅದು. ಭೂಪಾಲಣ್ಣನ ದನಿ ಏಳಲಿಲ್ಲ. ಬರಿಗೈಯಲ್ಲೇ ಮಾಡಿ ತೋರಿಸಿದರು: ಚೀಲಕ್ಕೆ ಕೈ ಹಾಕಿದಂತೆ, ತಿಕ್ಕಿದಂತೆ, ಸುತ್ತಿದಂತೆ, ಮೂರು ಸಲ ಎಳೆದಂತೆ. ಎಷ್ಟು ವರ್ಷ ಎಂದಾಗ ಮೂರು ಬೆರಳು ಎತ್ತಿ, ಮೂವತ್ತು ಎಂದು ಉಸಿರಲ್ಲಿ ಹೇಳಿದರು. ಡಾಕ್ಟರು ಇಂಗ್ಲಿಷಿನಲ್ಲಿ ಬರೆದುಕೊಂಡರು. ಹೊರಗೆ ಬೆಂಚಿನ ಮೇಲೆ ಕೂತು, ಏನು ಬರೆದಿದ್ದಾರೆ ಓದಿ ಹೇಳಿ ಎಂದು ಭೂಪಾಲಣ್ಣ ಕಾಗದ ನನ್ನ ಕೈಗಿತ್ತರು. ಗಂಟಲಿನ ಕ್ಯಾನ್ಸರಿನ ಸಂಶಯ ಎಂದಿತ್ತು, ಹೇಳಿದೆ. ಅವರು ಆಗಲಿ ಎಂಬಂತೆ ತಲೆ ಆಡಿಸಿದರು. ಅದರ ಕೆಳಗೆ 'ಮೂವತ್ತು ವರ್ಷದಿಂದ ಧೂಮಪಾನಿ' ಎಂದಿತ್ತು. ಅದನ್ನೂ ಹೇಳಿದೆ.

ಅವರ ಮುಖ ಬದಲಾದದ್ದು ಆಗ.

ಆಪರೇಷನ್ ಆಯಿತು. ದನಿ ಪೂರ್ತಿ ಹೋಯಿತು. ಮನೆಯಲ್ಲಿ ಕೊರಳಿಗೆ ಬಟ್ಟೆ ಸುತ್ತಿಕೊಂಡು, ತೊಡೆಯ ಮೇಲೆ ಬಳಪದಿಂದ ಬರೆಯುವ ಪಾಟಿ ಇಟ್ಟುಕೊಂಡು ಕೂತಿರುತ್ತಿದ್ದರು. ನಾನು ಹೋದಾಗೆಲ್ಲ ಅವರು ಬರೆಯುತ್ತಿದ್ದದ್ದು ಒಂದೇ ಮಾತು: "ರೋಗ ಇರಲಿ. ಆ ಸಾಲು ತಗಸ್ರಿ. ನೀವು ಪೇಪರನವರು, ನಿಮ್ಮ ಮಾತ ಕೇಳತಾರ." ವ್ರತ ಮುರಿದವನೆಂದು ಕಾಗದದಲ್ಲಿ ಉಳಿದರೆ ಮುನಿಗಳಿಗೆ ಏನು ಹೇಳಲಿ ಎಂಬುದು ಅವರ ಚಿಂತೆಯೆಂದು ಸುಮತಿಬಾಯಿ ಹೇಳಿದರು. ರಾತ್ರಿಯೆಲ್ಲ ಬೆರಳು ತಿಕ್ಕಿ ತೊಳೆಯುತ್ತಾರೆ ಎಂದೂ ಹೇಳಿದರು.

1995ರ ಡಿಸೆಂಬರಿನಲ್ಲಿ ಕಾಗದ ತೆಗೆದುಕೊಂಡು ನಾನೊಬ್ಬನೇ ಮಿರಜಿಗೆ ಹೋದೆ. ಡಾಕ್ಟರು ಎಲ್ಲ ಕೇಳಿಸಿಕೊಂಡರು. ಆದದ್ದನ್ನು ಬರೆದಿದ್ದೇನೆ, ಹೊಡೆದುಹಾಕಿದರೆ ಮುಂದೆ ನೋಡುವ ಡಾಕ್ಟರು ದಾರಿ ತಪ್ಪುತ್ತಾರೆ ಎಂದರು. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಕಾಗದ ಮಡಚಿಕೊಂಡು ಬಂದೆ.

ಭೂಪಾಲಣ್ಣ ಪಾಟಿಯ ಮೇಲೆ ಮೊದಲೇ ಬರೆದಿಟ್ಟುಕೊಂಡಿದ್ದರು: "ತಗದ್ರೇನ್ರಿ?"

"ತಗದಾರ್ರಿ," ಎಂದೆ.

ಅವರು ಪಾಟಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಗೋಡೆಗೆ ಆನಿಸಿಟ್ಟರು. ನನಗೆ ಚಹಾ ಮಾಡುವಂತೆ ಹೆಂಡತಿಗೆ ಸನ್ನೆ ಮಾಡಿದರು. ಅದೇ ಕೊನೆಯ ಭೇಟಿ.

ಭೂಪಾಲಣ್ಣ 1996ರ ಜನವರಿಯಲ್ಲಿ ತೀರಿಕೊಂಡರು. ಈ ವರ್ಷ ಚಾತುರ್ಮಾಸಕ್ಕೆ ಮುನಿಗಳು ಬರುವವರಿದ್ದಾರೆ, ಡಾಕ್ಟರು ತಿದ್ದಿಕೊಟ್ಟ ಕಾಗದವನ್ನು ಅವರ ಮುಂದೆ ಇಡಬೇಕು ಎಂದು ಸುಮತಿಬಾಯಿ ಎರಡು ಸಲ ಹೇಳಿ ಕಳಿಸಿದ್ದಾರೆ. ಕಾಗದ ನನ್ನ ಹತ್ತಿರ ಇದೆ, ಅದರಲ್ಲಿ ಆ ಸಾಲೂ ಹಾಗೇ ಇದೆ. ಸುಮತಿಬಾಯಿಗೆ ಇಂಗ್ಲಿಷ್ ಬರುವುದಿಲ್ಲ. ಮುನಿಗಳ ಜೊತೆ ಬರುವವರಲ್ಲಿ ಒಬ್ಬರು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದವರು.