ಆಯುಧಪೂಜೆಯ ದಿನ ತೆಗೆದ ಹಾರ

ಕೆಸರೆಯ ಹುಚ್ಚಣ್ಣ ಕಡಕೊಳದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಎಂಥ ದೊಡ್ಡ ಮಿಷನ್ನಿಗೂ ಹೆದರದವನು, ಕಂಪ್ಯೂಟರ್ ಅಂದರೆ ಮಾತ್ರ ಮಾರು ದೂರ. ಅಂಥವನು ಮಂಜುಳಮ್ಮನ ಕಂಪ್ಯೂಟರ್ ಕಂಡರೆ ಇವತ್ತಿಗೂ ಕೈ ಮುಗಿಯುತ್ತಾನೆ. ನಗುವವರು ನಗಲಿ, ಅವನಿಗೇನು!

ಮಂಜುಳಮ್ಮ ಅಲ್ಲಿಯ ಆಫೀಸಿನ ಟೈಪಿಸ್ಟು. ರಾಜೀವನಗರದಿಂದ ಬಸ್ಸಿಗೆ ಬರುತ್ತಿದ್ದರು. ಹಣೆತುಂಬ ವಿಭೂತಿ, ಬಾಯಿತುಂಬ ಬೈಗುಳ. ಹುಚ್ಚಣ್ಣನ ಹೆಂಡತಿ ಬೆಟ್ಟಮ್ಮನಿಗೆ ಹೃದಯದ ಕವಾಟ ಕೆಟ್ಟು, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರತೊಡಗಿತಲ್ಲ, ಆಗ ದೂರದೂರಿನ ಆಸ್ಪತ್ರೆಗೆ ಕಾರ್ಖಾನೆಯ ಇ-ಮೇಲ್‌ನಿಂದ ಬರೆದುಕೊಟ್ಟವರು ಈಕೆಯೇ.

1999ರ ಮಾತು. ಇಡೀ ಕಾರ್ಖಾನೆಗೆ ಇದ್ದದ್ದು ಒಂದೇ ಮೇಲ್‌ಬಾಕ್ಸ್. ಅದಿದ್ದದ್ದು ಸರ್ವರ್ ಎಂಬ ಮುಖ್ಯ ಕಂಪ್ಯೂಟರಿನಲ್ಲಿ. ಮಂಜುಳಮ್ಮನ ಕಂಪ್ಯೂಟರು, ಸಿಸ್ಟಂ ನೋಡಿಕೊಳ್ಳುವ ಮೃತ್ಯುಂಜಯನ ಕಂಪ್ಯೂಟರು, ಎರಡೂ ನೆಟ್‌ವರ್ಕ್ ಮೂಲಕ ಅದನ್ನೇ ತೆರೆಯಬೇಕು. ಒಬ್ಬರು ತೆರೆದರೆ ಬೀಗ ಬೀಳುತ್ತಿತ್ತು. ಅವರು ಮುಚ್ಚುವವರೆಗೆ ಇನ್ನೊಬ್ಬರು ಕಾಯಬೇಕು.

ಆಯುಧಪೂಜೆ ಬಂತು. "ಆಫ್ ಆಗಿರೋ ಮಿಷನ್ನಿಗೆ ಯಾರಾದ್ರೂ ಪೂಜೆ ಮಾಡ್ತಾರೇನ್ರೀ?" ಅಂತ ಮಂಜುಳಮ್ಮ ಕಂಪ್ಯೂಟರ್ ಆನ್ ಮಾಡಿ, ಮೇಲ್ ತೆರೆದಿಟ್ಟು, ಮಾನಿಟರಿಗೆ ವಿಭೂತಿ ಬಳಿದು, ಕೀಬೋರ್ಡೂ ಮುಚ್ಚಿಹೋಗುವಂಥ ಸೇವಂತಿಗೆ ಹಾರ ಹಾಕಿದರು. ಮಂಗಳಾರತಿ ಆಯಿತು. ಇನ್ನು ಮಾರನೆಯ ದಿನದವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ.

ಪುರಿ-ಕಡಲೆ ಹಂಚುತ್ತಿದ್ದಾಗ ಆಸ್ಪತ್ರೆಯಿಂದ ಫೋನು. ಯಾರೋ ಬರಲಿಲ್ಲವಂತೆ, ಒಂದು ಹಾಸಿಗೆ ಖಾಲಿಯಿದೆ. ಮೇಲ್‌ನಲ್ಲಿ ಕಳಿಸಿದ ಪತ್ರ ಹಿಡಿದು ನಾಳೆ ಬೆಳಿಗ್ಗೆ ಬಂದರೆ ಬೆಟ್ಟಮ್ಮನಿಗೆ ಆಪರೇಷನ್, ಇಲ್ಲದಿದ್ದರೆ ಹಾಸಿಗೆ ಮುಂದಿನವರಿಗೆ. ಪ್ರಿಂಟರ್ ಇದ್ದದ್ದು ಮೃತ್ಯುಂಜಯನ ಕೋಣೆಯಲ್ಲಿ. ಅವನು ಓಡಿಹೋಗಿ ಮೇಲ್ ತೆರೆಯಲು ನೋಡಿದ. ಬೀಗ!

"ಆ ಬೀಗ ಒಡೆದಾಕ್ಬುಡಿ ಸಾರ್," ಅಂದ ಹುಚ್ಚಣ್ಣ.

"ಹಿಂದೊಂದ್ಸಲ ಒಡೆದಿದ್ದೆ ಹುಚ್ಚಣ್ಣ. ಮಂಜುಳಮ್ಮನ ಕಂಪ್ಯೂಟರು ತನ್ನ ಹತ್ರ ಇದ್ದ ಹಳೇದನ್ನೇ ಮೇಲೆ ಬರೆದುಬುಡ್ತು, ಹೊಸ ಪತ್ರವೆಲ್ಲ ಮಣ್ಣುಪಾಲು. ಅವರ ಕಂಪ್ಯೂಟರಲ್ಲೇ ಮೇಲ್ ಮುಚ್ಚಬೇಕು."

ಎಲ್ಲರ ಕಣ್ಣು ಹಾರದ ಮೇಲೆ. ಹುಚ್ಚಣ್ಣನಿಗೆ ಅಳುಕಾಯಿತು. ಪೂಜೆ ಕೆಡಿಸಿ ತೆಗೆದ ಪತ್ರ ಬೆಟ್ಟಮ್ಮನಿಗೆ ಒಳ್ಳೆಯದು ಮಾಡೀತೇ?

"ಬ್ಯಾಡ ಬುಡ್ರಮ್ಮ," ಅಂದ. "ತಾಯಿ ಮುನಿಸ್ಕೊಂಡ್ರೆ ಎಂಗೆ?"

"ಸುಮ್ನಿರಯ್ಯ!" ಮಂಜುಳಮ್ಮ ಗದರಿದರು. ಆಫೀಸಿನಲ್ಲಿ ಆಕೆಯಷ್ಟು ಪೂಜೆ-ಪುನಸ್ಕಾರದವರು ಇನ್ನೊಬ್ಬರಿಲ್ಲ. ಆದರೂ ಹಾರ ಎತ್ತಿ ಹುಚ್ಚಣ್ಣನ ಕೈಗಿಟ್ಟರು. "ಮುನಿಸ್ಕೊಂಡ್ರೆ ನನ್ನ ಮೇಲೆ ಮುನಿಸ್ಕೊಳ್ಲಿ. ನೀನು ಮೊದ್ಲು ಹೆಂಡ್ತೀನ ಕರ್ಕೊಂಡು ರೈಲು ಹತ್ತು."

ಮೇಲ್ ಮುಚ್ಚಿದರು. ಆಚೆ ಕೋಣೆಯಲ್ಲಿ ಪ್ರಿಂಟರ್ ಗರಗರ ಅಂದಿತು. ಆ ಸದ್ದು ಕೇಳಿ ಹುಚ್ಚಣ್ಣ ಹಾರ ಎದೆಗವಚಿಕೊಂಡು ಅತ್ತುಬಿಟ್ಟ.

ಬೆಟ್ಟಮ್ಮ ಬದುಕಿದಳು. ಮಾರನೆಯ ವರ್ಷದ ಆಯುಧಪೂಜೆಗೆ ಗಂಡನ ಜೊತೆ ತಾನೂ ಬಂದಳು, ತಾನೇ ಕಟ್ಟಿದ ಹಾರ ಹಿಡಿದು. ಆಫೀಸಿನ ಮೆಟ್ಟಿಲನ್ನು ಎಲ್ಲೂ ನಿಲ್ಲದೆ ಹತ್ತಿದಳು. ಹಿಂದೆ ಬರುತ್ತಿದ್ದ ಹುಚ್ಚಣ್ಣ ಅದನ್ನೇ ನೋಡುತ್ತ ಬಂದ. ಅವನಿಗೆ ಬೇರೆ ಯಾವ ಹಬ್ಬವೂ ಬೇಕಿರಲಿಲ್ಲ.

ಈ ಸಲವೂ ಮೇಲ್ ತೆರೆದಿಟ್ಟಿದ್ದ ಮಂಜುಳಮ್ಮ ಹಾರಕ್ಕೆ ಕೈ ಚಾಚಿದರು. ಬೆಟ್ಟಮ್ಮ ಕೊಡಲಿಲ್ಲ.

"ಮೊದ್ಲು ಆ ಮೇಲು ಮುಚ್ಚಿ ಕಣಮ್ಮ. ಇನ್ಯಾರ ಮನೆಯೋಳು ಕಾಯ್ತಾ ಅವ್ಳೋ."

ಮಂಜುಳಮ್ಮ ಬಯ್ಯಲಿಲ್ಲ. ಕಣ್ಣೊರೆಸಿಕೊಂಡು ಮೌಸ್ ಹಿಡಿದರು.