ಅಪ್ಪ ನಡೆಯದ ಆರು ಮೈಲಿ

ನಮ್ಮಪ್ಪ ಧಾರವಾಡದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿದವರು. ನಕ್ಷೆ ಓದುವುದನ್ನು ಕಲಿಸಲು ಶಾಲೆಯಲ್ಲಿ ಇದ್ದದ್ದು ಬ್ರಿಟಿಷರ ಕಾಲದ ಒಂದೇ ಒಂದು ಹಾಳೆ: ಇಂಗ್ಲೆಂಡಿನ ಯಾವುದೋ ಹಳ್ಳಿ, ಪಕ್ಕದಲ್ಲಿ ಡೊಂಕುಡೊಂಕಾಗಿ ಹರಿಯುವ ನದಿ. ಚರ್ಚಿನಿಂದ ಹಿಟ್ಟಿನ ಗಿರಣಿಗೆ ಎಷ್ಟು ದೂರ, ಸೇತುವೆ ದಾಟಿದರೆ ಏರೋ ಇಳಿಜಾರೋ, ಎಲ್ಲವೂ ಧಾರವಾಡದ ಹುಡುಗರಿಗೆ ಬಾಯಿಪಾಠ. ಅಪ್ಪ ಅದರ ಮೇಲೆ ಕೆಂಪು ಪೆನ್ಸಿಲಿನಲ್ಲಿ ಒಂದು ಸುತ್ತು ಎಳೆದಿದ್ದರು. ರೈಲು ಸ್ಟೇಷನ್ನಿನಿಂದ ನದಿಯ ದಂಡೆ ಹಿಡಿದು ಗಿರಣಿಯವರೆಗೆ, ಸೇತುವೆ ದಾಟಿ, ಆಚೆ ದಂಡೆಯ ಹೊಲಗಳ ನಡುವೆ ಮರಳಿ ಸ್ಟೇಷನ್ನಿಗೆ. ಆರು ಮೈಲಿ. ನಿವೃತ್ತರಾದಾಗ ಶಾಲೆಯವರು ಶಾಲಿನ ಜೊತೆ ಆ ನಕ್ಷೆಯನ್ನೂ ಕೊಟ್ಟು ಕಳಿಸಿದರು. ಒಮ್ಮೆ ಆ ಸುತ್ತನ್ನು ನಡೆದು ಬರಬೇಕೆಂಬುದು ಅವರಿಗಿದ್ದ ಒಂದೇ ಆಸೆ.

ಆ ಆಸೆಗೆ ಕಲ್ಲು ಹಾಕಿದವಳು ನಾನು.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ, ಆಸ್ಪತ್ರೆಯೊಂದರಲ್ಲಿ ಡಾಕ್ಟರಿಕೆಯ ರೆಸಿಡೆನ್ಸಿ ಮಾಡುತ್ತಿದ್ದೆ, ತುಂಬು ಬಸುರಿ. ಬಾಣಂತನಕ್ಕೆ ಅವ್ವ ಬರುವವಳಿದ್ದಳು, ಜೊತೆಗೆ ಅಪ್ಪ. ದಾರಿಯಲ್ಲಿ ಲಂಡನ್ನಿನಲ್ಲಿ ಎರಡು ದಿನ ಇಳಿಯಬಹುದೇ ಎಂದು ಅಪ್ಪ ಕಾಗದ ಬರೆದರು. ನನ್ನ ಬಾಯಿಗೆ ಮೊದಲಿನಿಂದಲೂ ಲಗಾಮಿಲ್ಲ. "ನಾ ಇಲ್ಲೆ ಇವತ್ತೋ ನಾಳೆಯೋ ಅನ್ನೂ ಹಂಗಿದ್ದಾಗ ನೀವು ಅಲ್ಲೆ ಹೊಲಾ ಸುತ್ತಾವ್ರೇನು? ವಾಪಸ್ ಹೋಗೂವಾಗ ನೋಡೋಣು" ಎಂದು ಉತ್ತರ ಬರೆದೆ. ಪಾಪ, ನಂಬಿದರು.

ಮಗು ಹುಟ್ಟಿ ನಾಲ್ಕು ತಿಂಗಳಾಯಿತು. ಅವರು ಹೊರಡುವ ಹೊತ್ತು ಬಂದರೂ ನನಗೆ ಬೇಬಿಸಿಟರ್ ಸಿಗಲಿಲ್ಲ. ಇನ್ನೊಂದು ತಿಂಗಳು ಇರಿ ಎಂದೆ. ಟಿಕೆಟ್ ಬದಲಾಯಿಸಲು ಹೋದರೆ ವಿಮಾನ ಕಂಪನಿಯವರು, ಆ ಹೊತ್ತಿಗೆ ಲಂಡನ್ನಿನಲ್ಲಿ ಇಳಿದು ಉಳಿಯುವಂಥ ಸೀಟಿಲ್ಲ, ಅದಕ್ಕಿಂತ ಎರಡು ವಾರ ಮೊದಲೇ ಹೊರಟರೆ ಉಂಟು ಎಂದರು. ಎರಡು ವಾರ! ಅಷ್ಟು ದಿನ ಕೂಸನ್ನು ನೋಡುವವರು ಯಾರು? ಇಳಿಯದೆ ಹೋಗುವ ಟಿಕೆಟ್ಟಿಗೇ ಹೂಂ ಅಂದೆ. ಮನೆಯಲ್ಲಿ ಬಾಯಿ ಬಿಡಲಿಲ್ಲ.

ಒಳಗೊಳಗೆ ಚುಚ್ಚುತ್ತಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಒಂದು ಉಪಾಯ ಹೂಡಿದೆ. ಒಂದು ಭಾನುವಾರ ಕೂಸನ್ನು ಅವ್ವನ ಹತ್ತಿರ ಬಿಟ್ಟು, ಅಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡು ನ್ಯೂಜೆರ್ಸಿಗೆ ಹೋದೆ. ಪ್ರಿನ್ಸ್‌ಟನ್ ಹತ್ತಿರ ಒಂದು ಹಳೆಯ ಕಾಲುವೆ, ಅದರ ಬದಿಗೆ ಮಣ್ಣಿನ ಕಾಲುದಾರಿ, ಮರಗಳಾಚೆ ನದಿ. "ಇದೂ ಹಂಗ ಅದ ಅಪ್ಪಾ, ಒಂದು ಸುತ್ತು ಹಾಕೋಣು ಬರ್ರಿ" ಎಂದೆ.

ಅಪ್ಪ ಕೋಟು ತೊಟ್ಟು, ಕರಿ ಟೋಪಿ ಇಟ್ಟುಕೊಂಡು, ನಕ್ಷೆಯನ್ನು ಹಿಡಿದುಕೊಂಡೇ ಬಂದಿದ್ದರು. ಬಾತುಕೋಳಿ ಕಂಡಲ್ಲೆಲ್ಲ ನಿಂತರು. ಎದುರು ಬಂದ ದಂಪತಿಗೆ ಟೋಪಿ ತೆಗೆದು ಗುಡ್ ಮಾರ್ನಿಂಗ್ ಹೇಳಿದರು. ಸೇತುವೆಯ ಹತ್ತಿರ ಬಂದಾಗ ನಕ್ಷೆ ಬಿಚ್ಚಿ, "ಇಲ್ಲೆ ಗಿರಣಿ ಇರಬೇಕಿತ್ತು ನೋಡು" ಎಂದು ನಕ್ಕರು. ಅದು ಚೇಷ್ಟೆ ಎಂದು ನನಗೆ ತಿಳಿಯಬೇಕಿತ್ತು. ಆದರೆ ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಸಿಡುಕಿಬಿಟ್ಟೆ. "ಅಪ್ಪಾ, ಇದು ನ್ಯೂಜೆರ್ಸಿ! ಎಲ್ಲಾ ನಿಮ್ಮ ನಕ್ಷಾದಾಗ ಇದ್ದಂಗ ಇರ್ತದೇನು?"

ಅವರು ನನ್ನ ಮುಖವನ್ನೇ ನೋಡಿದರು. ನಕ್ಷೆ ಮಡಚಿದರು.

"ಲಂಡನ್ನಾಗ ಇಳಿಯೂದು ಇಲ್ಲ, ಹೌದಿಲ್ಲೋ?"

"ಹೌದು" ಎಂದೆ.

"ಇರ್ಲಿ ಬಿಡವ್ವಾ. ನಿನ್ನ ತ್ರಾಸು ನನಗ ಕಾಣೂದಿಲ್ಲೇನು?"

ಬೈದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಬೈಯಲಿಲ್ಲ. ಉಳಿದ ದಾರಿಯುದ್ದಕ್ಕೂ ಕೂಸಿಗೆ ಹಲ್ಲು ಯಾವಾಗ ಬರಬಹುದು ಎಂದು ಮಾತಾಡಿದರು.

ಎರಡು ವರ್ಷದ ಮೇಲೆ ರಜೆ ಹಾಕಿ ಧಾರವಾಡಕ್ಕೆ ಹೋದೆ. ಅಪ್ಪನ ಜೊತೆ ಗಣಿತ ಕಲಿಸುತ್ತಿದ್ದ ಮಾಸ್ತರರು ನನ್ನನ್ನು ನೋಡಲೆಂದೇ ಬಂದರು.

"ಮಗಳು ಅಂದ್ರ ಹಿಂಗಿರಬೇಕವಾ! ಖಾಸ್ ಅದಕ್ಕಂತ ಲಂಡನ್ನಾಗ ಇಳಿಸಿ, ಆ ನದೀ ದಂಡೀ ಸುತ್ತು ಹಾಕಿಸಿದೆಂತಲ್ಲ! ನಿಮ್ಮಪ್ಪ ಹೇಳೂದು ಕೇಳಬೇಕು. ಗಿರಣೀ ಚಕ್ರ ಇನ್ನೂ ತಿರಗ್ತದಂತ, ಬೇಲಿ ದಾಟ್ಲಿಕ್ಕೆ ಕಟಗೀ ಮೆಟ್ಟಲಾ ಇಟ್ಟಾರಂತ!"

ಸುಳ್ಳು ಹೇಳಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ಕಿವಿ ಮಾತ್ರ ಕೆಂಪಾಗಿದ್ದವು. ಮಗಳು ಮಾತಿಗೆ ತಪ್ಪಿದಳೆಂದು ಯಾರೂ ಆಡಬಾರದೆಂದು ಇವರು ಇಷ್ಟು ಮಾಡಿದ್ದಾರೆ! ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಹೌದ್ರಿ ಸರ್, ಭಾಳ ಚಲೋ ಆತು" ಎಂದು ನಾನೂ ತಾಳ ಹಾಕಿದೆ.

ಮಾಸ್ತರರು ಹೋದ ಮೇಲೆ ಅಪ್ಪನ ಪಕ್ಕ ಕುಳಿತೆ. "ಅಪ್ಪಾ, ತಪ್ಪಾತು. ಮುಂದಿನ ಬ್ಯಾಸಿಗ್ಯಾಗ ರಜಾ ತಗೋತೀನಿ. ಇಬ್ರೂ ಇಂಗ್ಲೆಂಡಿಗೆ ಹೋಗೋಣು. ಎರಡು ದಿನಾ ಅಲ್ಲ, ಹದಿನೈದು ದಿನಾ." ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂದು ಗೊತ್ತಿದ್ದೂ ಆನೆ ಕೊಡಲು ಹೊರಟಿದ್ದೆ.

ಅಪ್ಪನ ಮುಖ ಒಂದು ಕ್ಷಣ ಅರಳಿತು. ಅದನ್ನು ನಾನು ಕಣ್ಣಾರೆ ಕಂಡೆ, ಇಲ್ಲವೆನ್ನಲಾರೆ. ಆಮೇಲೆ ತಲೆ ಅಲ್ಲಾಡಿಸಿದರು.

"ಹುಚ್ಚಿ. ಹೋಗಿಬಂದೀನಂತ ಊರಿಗೆಲ್ಲಾ ಹೇಳೀನಿ. ಈಗ ಖರೇನ ಹೋಗಿಬಂದ್ರ, ನನ್ನ ಮಾರಿ ನೋಡಿದ್ರ ಸಾಕು, ಇಂವ ಮೊದಲ್ನೇ ಸಲ ನೋಡ್ಯಾನಂತ ಎಲ್ಲಾರಿಗೂ ಗೊತ್ತಾಗ್ತದ. ಆಗ ಮಂದಿ ನಿನಗ ಏನಂದಾರು?"

ನಾನು ಒತ್ತಾಯ ಮಾಡಲಿಲ್ಲ. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ, ಸದ್ಯ, ರಜೆ ಉಳಿಯಿತಲ್ಲ ಎಂದು ಸಮಾಧಾನವೇ ಆಯಿತು.