ತೊಳೆದಾಗ ಕಂಡ ಪೈಪು

ಮಣ್ಣು ಅಗೆಯುವ ನಮ್ಮ ಗಾಡಿಗೆ ಏನೇ ಬೇಕಾದರೂ ನೆಲಮಂಗಲದ ನನ್ನ ಭಾಮೈದನ ಸ್ಪೇರ್ ಪಾರ್ಟ್ಸ್ ಅಂಗಡಿಗೇ ಹೋಗಬೇಕು. ಇದು ನಮ್ಮ ಮನೆಯಾಕೆ ಮಾಡಿದ ಕಾನೂನು. ಅವನಲ್ಲಿ ಸಿಗುವುದೆಲ್ಲ ಲೋಕಲ್ ಮಾಲು. ಕಂಪನಿಯ ಒರಿಜಿನಲ್ ಬೇಕೆಂದರೆ ಬೆಂಗಳೂರಿಗೆ ಹೋಗಬೇಕು. ಹೋದರೆ ಹೆಂಡತಿಯ ಮುಖ ಊದಿಕೊಳ್ಳುತ್ತದೆ. ಹಾಗಾಗಿ ಒರಿಜಿನಲ್ಲೋ ಲೋಕಲ್ಲೋ ಎಂದು ನಾನು ಯಾವತ್ತೂ ತಲೆ ಕೆಡಿಸಿಕೊಂಡವನಲ್ಲ.

ಈ ಸಲ ಯುಗಾದಿ ಕಳೆದ ಮೇಲೆ, ಆವತಿ ಹತ್ತಿರದ ಹೊಲವೊಂದರಲ್ಲಿ ಕೃಷಿಹೊಂಡ ತೋಡುತ್ತಿದ್ದಾಗ, ಭಾಮೈದ ಕೊಟ್ಟಿದ್ದ ಹೈಡ್ರಾಲಿಕ್ ಪೈಪು ಒಡೆಯಿತು. ಕಾದ ಆಯಿಲ್ ಕ್ಯಾಬಿನ್ನಿನ ಗಾಜಿಗೆ ರಾಚಿತು. ಗಾಜು ಮುಚ್ಚಿದ್ದರಿಂದ ಆಪರೇಟರ್ ಉಳಿದುಕೊಂಡ. ಕೆಳಗಿಳಿದವನು, "ಇನ್ಮೇಲೆ ಕಂಪ್ನಿದೇ ಹಾಕ್ಸಣ್ಣ. ಇಲ್ಲಾಂದ್ರೆ ನೀನೇ ಓಡ್ಸ್ಕೋ," ಅಂದ.

ಬೆಂಗಳೂರಿನಿಂದ ಒರಿಜಿನಲ್ ತಂದು ಹಾಕಿಸಿದೆ. ಅಲ್ಲಿಯವರೆಗೆ ಸರಿ. ಆದರೆ ಭಾಮೈದನ ಕಣ್ಣಿಗೆ ಬೀಳದಿರಲಿ ಎಂದು ಹೊಸ ಪೈಪಿಗೆ ಕೈಯಾರೆ ಗ್ರೀಸು, ಕೆಮ್ಮಣ್ಣು ಬಳಿದೆನಲ್ಲ, ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. "ಪೈಪು ಹೆಂಗೈತೆ ಭಾವ?" ಎಂದು ಅವನು ಕೇಳಿದಾಗಲೆಲ್ಲ, "ಕಲ್ಲು ಇದ್ದಂಗೈತೆ," ಎನ್ನುತ್ತಿದ್ದೆ. ಅವನ ಮನಸ್ಸು ನೋಯಿಸಬಾರದು ಎಂಬುದು ನೆಪ. ನಿಜವಾಗಿ, ಹೆಂಡತಿಯ ಮುಂದೆ ಆ ಮಾತೆತ್ತುವ ಧೈರ್ಯ ನನಗಿರಲಿಲ್ಲ.

ಆಯುಧಪೂಜೆಗೆ ನಮ್ಮ ಗಾಡಿ ತೊಳೆಯುವುದು ಪ್ರತಿವರ್ಷವೂ ಭಾಮೈದನೇ. ಬಳಿಯುವಾಗ ನನ್ನ ಬುದ್ಧಿಗೆ ಅದು ಹೊಳೆದಿರಲೇ ಇಲ್ಲ. ಪಂಚೆ ಎತ್ತಿಕಟ್ಟಿ, ನೀರು ಬಿಟ್ಟು ಉಜ್ಜಿದ. ಕೆಮ್ಮಣ್ಣು ಇಳಿದುಹೋಗಿ, ಪೈಪಿನ ಮೇಲೆ ಕಂಪನಿಯ ಹೆಸರು ಬೆಳ್ಳಗೆ ಎದ್ದು ಕಂಡಿತು.

"ನಂದು ಏನಾಯ್ತು ಭಾವ?"

"ಒಡ್ದೋಯ್ತು ಕಣೋ. ಯುಗಾದಿ ಆದ್ಮೇಲೆ."

ಅವನು ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ನೀರು ನಿಲ್ಲಿಸಿ ನನ್ನನ್ನೇ ನೋಡಿದ. "ಒಂದ್ ಮಾತು ಹೇಳ್ಬಾರ್ದಿತ್ತಾ? ನೀವು ಚೆನ್ನಾಗೈತೆ ಅಂದ್ರಿ ಅಂತ ಅದೇ ಮಾಲು ಎಲ್ರಿಗೂ ಕೊಟ್ಬಿಟ್ಟಿದೀನಲ್ಲ ಭಾವ."

ನಮ್ಮ ಆಪರೇಟರ್ ಉಳಿದ, ನಮ್ಮ ಮನೆಯಲ್ಲಿ ಜಗಳ ತಪ್ಪಿತು ಎಂದು ಇಷ್ಟು ತಿಂಗಳು ನೆಮ್ಮದಿಯಾಗಿದ್ದೆ. ಬೇರೆ ಗಾಡಿಗಳಲ್ಲೂ ಯಾರೋ ಕೂತಿರುತ್ತಾರೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಬೂದುಗುಂಬಳಕಾಯಿ ಒಡೆಯಲು ಹೆಂಡತಿ ತಮ್ಮನನ್ನು ಕರೆದಳು. ಅವನು ಒದ್ದೆ ಕೈ ಒರೆಸಿಕೊಂಡು, ಫೋನ್ ತೆಗೆದು, ಗಿರಾಕಿಗಳಿಗೆ ಒಬ್ಬೊಬ್ಬರಿಗೇ ಹೇಳತೊಡಗಿದ: "ಅಣ್ಣ, ಪೂಜೆ ಮಾಡಿ. ಗಾಡಿ ಮಾತ್ರ ಕೆಲ್ಸಕ್ಕೆ ತೆಗೀಬೇಡಿ. ನಾನು ಕೊಟ್ಟ ಪೈಪು ಸರಿ ಇಲ್ಲ. ತಪ್ಪು ನಂದೇ."

ನನ್ನ ವಿಷಯವನ್ನು ಅವನು ಒಬ್ಬರ ಹತ್ತಿರವೂ ಎತ್ತಲಿಲ್ಲ.